ಮಗ್ಗು, ನೋಟ್‌ಬುಕ್ ಮತ್ತು ನನ್ನ ಮೂತ್ರಕೋಶದ ನೋವು

ಮೊದಲ ಎರಡು ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು. "ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ." ಕುಡಿದೆ. ಎಳನೀರು, ಜೀರಿಗೆ ನೀರು ಎಲ್ಲಾ ಆಯಿತು. ಕಿಬ್ಬೊಟ್ಟೆಯ ನೋವು ಮಾತ್ರ ಹೋಗಲಿಲ್ಲ. ಮೂತ್ರಕೋಶ ತುಂಬಿದ ಹಾಗೆಲ್ಲ ನೋವು ಏರುತ್ತಿತ್ತು. ಹೋಗಿ ಬಂದರೆ ಸ್ವಲ್ಪ ಇಳಿಯುತ್ತಿತ್ತು, ಅರ್ಧ ಗಂಟೆಗೆ ಮತ್ತೆ ಶುರು. ಒಂದು ಕ್ಲಿನಿಕ್‌ನಲ್ಲಿ ಹೋದಾಗಲೆಲ್ಲ ಆಂಟಿಬಯೋಟಿಕ್ ಬರೆದುಕೊಟ್ಟರು. ಐದು ಕೋರ್ಸ್ ಮುಗಿಸಿದ ಮೇಲೆ ಹಳೆಯ ಕಲ್ಚರ್ ರಿಪೋರ್ಟ್‌ಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ಇಟ್ಟು ನೋಡಿದೆ. ಒಂದರಲ್ಲೂ ಸೋಂಕು ಇರಲಿಲ್ಲ. ಅವತ್ತು ನನಗೆ ಅಳು ಬಂತು.

ಆಮೇಲೆ ಯೂರಾಲಜಿ ಡಾಕ್ಟರ್ ಹತ್ತಿರ ಹೋದೆ. ಅವರು ಮಾತ್ರೆ ಬರೆಯಲಿಲ್ಲ. "ಮೂರು ದಿನ ಪ್ರತಿ ಸಲ ಮೂತ್ರ ಅಳೆದು ಬರೆದುಕೊಂಡು ಬನ್ನಿ" ಅಂದರು. ಎಮ್‌ಎಲ್ ಗೆರೆ ಇರುವ ಪ್ಲಾಸ್ಟಿಕ್ ಮಗ್ಗು ತಂದು ಬಚ್ಚಲಲ್ಲಿ ಇಟ್ಟೆ. ಹೊತ್ತು, ಅಳತೆ, ಏನು ಕುಡಿದೆ, ಹತ್ತಕ್ಕೆ ನೋವು ಎಷ್ಟು, ಇಷ್ಟನ್ನು ಬರೆದೆ. ಒಂದು ದಿನಕ್ಕೆ 22 ಸಲ. ಹೆಚ್ಚಿನವು 70, 80 ಎಮ್‌ಎಲ್. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 300, 400 ಹೋಗುತ್ತದೆ. "ಸುಮ್ನೆ ಟೆನ್ಷನ್ ಮಾಡ್ಕೋತೀಯ" ಅನ್ನುತ್ತಿದ್ದ ನಮ್ಮ ಯಜಮಾನರು ಆ ಹಾಳೆ ನೋಡಿದ ಮೇಲೆ ಮತ್ತೆ ಹಾಗೆ ಅನ್ನಲಿಲ್ಲ.

ಸಿಸ್ಟೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ನಳಿಕೆಯಿಂದ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ, ಮಾಡಿ ಕಲ್ಲು, ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಂಡರು. ಕೆಲವರಿಗೆ ಒಳಗೋಡೆಯಲ್ಲಿ ಹನ್ನರ್ ಹುಣ್ಣು ಇರುತ್ತದಂತೆ. ಅಮೆರಿಕದ ಗೈ ಹನ್ನರ್ ಅನ್ನೋ ಡಾಕ್ಟರ್ 1915ರಲ್ಲೇ ಅದರ ಬಗ್ಗೆ ಬರೆದಿದ್ದರು. ಅದಕ್ಕೆ ಚಿಕಿತ್ಸೆ ಬೇರೆ. ನನಗೆ ಅದು ಇರಲಿಲ್ಲ. ಕಾಯಿಲೆಯ ಹೆಸರು ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್, ಅಂದರೆ ಸೋಂಕು ಇಲ್ಲದೆಯೂ ಮೂತ್ರಕೋಶ ತುಂಬಾ ಕಾಲ ನೋಯುವ ಕಾಯಿಲೆ.

ನೋಟ್‌ಬುಕ್ ನಿಲ್ಲಿಸಲಿಲ್ಲ. ಊಟದ ವಿಷಯದಲ್ಲಿ ಅದೇ ನನಗೆ ಗುರು. ಕಾಫಿ, ಟೀ, ಹಸಿಮೆಣಸಿನಕಾಯಿ, ಟೊಮೆಟೊ, ನಿಂಬೆ, ಹುಣಸೆ ಎಲ್ಲವನ್ನೂ ಒಂದು ತಿಂಗಳು ಬಿಟ್ಟೆ. ಆಮೇಲೆ ನಾಲ್ಕು ದಿನಕ್ಕೆ ಒಂದೊಂದೇ ವಾಪಸ್ ಸೇರಿಸಿದೆ. ಹುಣಸೆ ಸ್ವಲ್ಪ ಹಾಕಿದರೆ ತೊಂದರೆ ಆಗಲಿಲ್ಲ. ಟೊಮೆಟೊ ಸಾರು ತಿಂದ ದಿನ ನೋವು 7. ಕಾಫಿ ಕುಡಿದ ದಿನ 8. ಬೆಳಗಿನ ಫಿಲ್ಟರ್ ಕಾಫಿ ಬಿಡೋದು ಎಷ್ಟು ಕಷ್ಟ ಅಂತ ನಮ್ಮೂರ ಕಡೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ನಿಮ್ಮ ಪಟ್ಟಿ ಬೇರೆ ಇರಬಹುದು. ನನ್ನದನ್ನು ನೋಡಿ ಎಲ್ಲಾ ಬಿಟ್ಟು ಸೊರಗಬೇಡಿ.

ಇನ್ನೊಂದು ತಪ್ಪು ಮಾಡಿದ್ದೆ. ವಿಡಿಯೋ ನೋಡಿ ದಿನಾ ಕೀಗಲ್ ವ್ಯಾಯಾಮ, ಅಂದರೆ ಮೂತ್ರ ತಡೆಯುವ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡೋದು, ಮಾಡುತ್ತಿದ್ದೆ. ನೋಟ್‌ಬುಕ್‌ನಲ್ಲಿ ಆ ವಾರಗಳೇ ಕೆಟ್ಟವು. ಫಿಸಿಯೋ ಮೇಡಂ ಪರೀಕ್ಷೆ ಮಾಡಿ, ಕೆಳಗಿನ ಸ್ನಾಯುಗಳು ಆಗಲೇ ಬಿಗಿದುಕೊಂಡಿವೆ, ಇನ್ನೂ ಬಿಗಿ ಮಾಡಬಾರದು, ಸಡಿಲ ಬಿಡೋದನ್ನು ಕಲಿಯಬೇಕು ಅಂದರು. ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು. ದಿನಕ್ಕೆ ಎರಡು ಸಲ, ಹತ್ತು ನಿಮಿಷ. ಮಾತ್ರೆಗಿಂತ ಜಾಸ್ತಿ ಉಪಕಾರ ಇದರಿಂದಲೇ ಆಯಿತು ಅಂತ ನನ್ನ ನಂಬಿಕೆ.

ಮಾತ್ರೆಯೂ ಇತ್ತು. ರಾತ್ರಿ ಅಮಿಟ್ರಿಪ್ಟಿಲಿನ್ 10 ಎಮ್‌ಜಿ. ಖಿನ್ನತೆಗೆ ಕೊಡುವ ಮಾತ್ರೆ ಅಂತ ಗೊತ್ತಾಗಿ ಅತ್ತೆ ಹೆದರಿದರು. ಕಡಿಮೆ ಡೋಸಿನಲ್ಲಿ ಅದು ನರದ ನೋವಿಗೆ ಅಂತ ಡಾಕ್ಟರೇ ಅವರಿಗೆ ಹೇಳಿದರು. ಬಾಯಿ ಒಣಗುತ್ತಿತ್ತು, ಮಲಬದ್ಧತೆ ಆಯಿತು. ಮಲಬದ್ಧತೆ ಆದರೆ ಈ ನೋವೂ ಏರುತ್ತದೆ, ಅದಕ್ಕೆ ಪಪ್ಪಾಯ, ಸೊಪ್ಪು ಜಾಸ್ತಿ ಮಾಡಿದೆ. ಈ ಕಾಯಿಲೆಗೆ ಕೊಡುವ ಪೆಂಟೋಸಾನ್ ಕ್ಯಾಪ್ಸೂಲ್ ಬಗ್ಗೆಯೂ ಮಾತಾಡಿದೆವು. ತುಂಬಾ ಕಾಲ ತೆಗೆದುಕೊಂಡ ಕೆಲವರಲ್ಲಿ ಕಣ್ಣಿನ ರೆಟಿನಾಗೆ ತೊಂದರೆ ಆಗಿದ್ದು 2018ರಲ್ಲಿ ವರದಿಯಾಗಿತ್ತು. ನಾನು ಬೇಡ ಅಂದೆ.

ಈಗಲೂ ನೋವು ಕೆರಳುತ್ತದೆ, ಮುಟ್ಟಿನ ಹಿಂದಿನ ದಿನಗಳಲ್ಲಿ ಮುಖ್ಯವಾಗಿ. ಆಗ ಬಿಸಿನೀರಿನ ಚೀಲ, ಸಡಿಲ ಬಟ್ಟೆ, ಗುಟುಕು ಗುಟುಕಾಗಿ ನೀರು. ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರೋದಿಲ್ಲ, ಅವತ್ತೇ ಡಾಕ್ಟರ್ ಹತ್ತಿರ ಹೋಗುತ್ತೇನೆ.

ಕಳೆದ ತಿಂಗಳು ಅಕ್ಕನ ಮಗಳ ಮದುವೆಗೆ ದಾವಣಗೆರೆಗೆ ಹೋಗಿದ್ದೆ. ಬಸ್ಸು ಬೇಡ ಅಂತ ರೈಲು ಹತ್ತಿದೆ, ಶೌಚಾಲಯ ಇರುತ್ತದಲ್ಲ. ಎರಡೇ ಸಲ ಎದ್ದೆ. ಮಾರನೇ ದಿನ ಮನೆಗೆ ಬಂದು ಅಳೆದರೆ 260 ಎಮ್‌ಎಲ್. ನೋವು 2 ಅಂತ ಬರೆದೆ.