ರಕ್ತವಾಂತಿಯಾದರೆ ಹೊಟ್ಟೆ ಕೊಯ್ಯಲೇಬೇಕೆಂದಿಲ್ಲ

ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ವಾರಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತನಾಳ ಒಡೆಯಬಹುದು. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಆದವರಲ್ಲಿ ಅನ್ನನಾಳದ ಸಿರೆಗಳು ಉಬ್ಬಿ ಒಡೆಯುತ್ತವೆ. ಆಗ ವಾಂತಿ ಕೆಂಪಗಿರುತ್ತದೆ, ಇಲ್ಲವೇ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂತಿರುತ್ತದೆ. ಮಲ ಡಾಂಬರಿನಂತೆ ಕಪ್ಪು, ಅಂಟಂಟು, ಗಬ್ಬು ವಾಸನೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ.

ಮೊದಲು 108ಕ್ಕೆ ಕರೆ ಮಾಡಿ. ಮಜ್ಜಿಗೆ, ನೀರು, ಏನನ್ನೂ ಕುಡಿಸಬೇಡಿ. ಎಡಮಗ್ಗುಲಿಗೆ ಮಲಗಿಸಿ. ನುಂಗುತ್ತಿದ್ದ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಆಸ್ಪತ್ರೆ ಸುತ್ತುವಷ್ಟು ಸಮಯವಿರುವುದಿಲ್ಲ. ಅದಕ್ಕೇ ರಾತ್ರಿಯೂ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮಾಡುತ್ತಾರೆಯೇ ಎಂದು ಫೋನಿನಲ್ಲೇ ಕೇಳಿ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳಿನ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್ ಹಾಕುತ್ತಾರೆ. ‘ಇನ್ನೂ ರಕ್ತ ಏಕೆ ಕೊಡುತ್ತಿಲ್ಲ’ ಎಂದು ರೇಗಬೇಡಿ. ಸಾಮಾನ್ಯವಾಗಿ ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ರಕ್ತ ಏರಿಸುತ್ತಾರೆ, ಹೃದ್ರೋಗವಿದ್ದರೆ ಇನ್ನೂ ಬೇಗ. ಲಿವರ್ ರೋಗಿಗೆ ವಿಪರೀತ ರಕ್ತ ಕೊಟ್ಟರೆ ಸಿರೆಗಳ ಒತ್ತಡ ಏರಿ ಸ್ರಾವ ಹೆಚ್ಚೀತು.

ಎಂಡೋಸ್ಕೋಪಿ ಸಾಮಾನ್ಯವಾಗಿ 24 ಗಂಟೆಯೊಳಗೆ, ಸಿರೆ ಒಡೆದಿದ್ದರೆ 12 ಗಂಟೆಯೊಳಗೆ. ಕಿರುಬೆರಳಿನಷ್ಟು ದಪ್ಪದ ಕೊಳವೆ ಬಾಯಿಯಿಂದ ಒಳಗಿಳಿಯುತ್ತದೆ. ಪರದೆಯ ಮೇಲೆ ಹುಣ್ಣಿನ ನಡುವಿನಿಂದ ರಕ್ತ ಚಿಮ್ಮುವುದು ಕಾಣುತ್ತದೆ. ಸುತ್ತ ರಕ್ತನಾಳ ಕುಗ್ಗಿಸುವ ಅಡ್ರಿನಾಲಿನ್ ಚುಚ್ಚಿದಂತೆ ಜಾಗ ಬಿಳಿಚಿಕೊಂಡು ರಕ್ತ ತಗ್ಗುತ್ತದೆ. ಅಷ್ಟಕ್ಕೇ ಬಿಟ್ಟರೆ ಮತ್ತೆ ಒಡೆಯಬಹುದು. ಹಾಗಾಗಿ ಲೋಹದ ಪುಟ್ಟ ಕ್ಲಿಪ್ ಹಾಕುತ್ತಾರೆ, ಇಲ್ಲವೇ ಬಿಸಿ ತಾಗಿಸಿ ನಾಳ ಮುಚ್ಚುತ್ತಾರೆ. ಅನ್ನನಾಳದ ಸಿರೆಯಾದರೆ ಅದನ್ನು ಕೊಳವೆಯ ತುದಿಗೆ ಹೀರಿಕೊಂಡು ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಜಠರದ ಸಿರೆಗೆ ಸಯನೋಅಕ್ರಿಲೇಟ್ ಅಂಟು: ಮನೆಯ ಫೆವಿಕ್ವಿಕ್‌ನ ಬಳಗದ್ದೇ!

ಇಷ್ಟಾದರೂ ನಿಲ್ಲದಿದ್ದರೆ ಇಂಟರ್ವೆನ್ಷನಲ್ ರೇಡಿಯಾಲಜಿ ವೈದ್ಯರ ಸರದಿ. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ, ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ನೋಡುತ್ತಲೇ ರಕ್ತ ಸೋರುವ ನಾಳದವರೆಗೆ ತಲುಪಿ ಕಾಯಿಲ್ (ಪುಟ್ಟ ಲೋಹದ ಸುರುಳಿ) ಇಟ್ಟು ಮುಚ್ಚುತ್ತಾರೆ. ಹೆಚ್ಚಾಗಿ ಸೂಜಿ ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ಸಿರೋಸಿಸ್ ಇದ್ದರೆ ಕುತ್ತಿಗೆಯ ಸಿರೆಯಿಂದ ಇಳಿದು ಲಿವರಿನೊಳಗೆ ಸ್ಟೆಂಟ್ ಇಟ್ಟು ಒತ್ತಡ ಇಳಿಸುವ ‘ಟಿಪ್ಸ್’ ಇದೆ; ಅದರ ನಂತರ ಕೆಲವರಿಗೆ ಮಂಕು ಕವಿಯುವುದುಂಟು.

ಸ್ರಾವ ನಿಂತ ಮೇಲೂ ಕೆಲವು ದಿನ ಮಲ ಕಪ್ಪಗಿರುತ್ತದೆ, ಅದು ಹಳೆಯ ರಕ್ತ. ಆದರೆ ಜೊತೆಗೆ ತಲೆ ಸುತ್ತಿ ಬೆವರಿದರೆ ತಕ್ಷಣ ನರ್ಸ್‌ಗೆ ಹೇಳಿ.