ಕಿಟಕಿಯ ಫೋನ್‌ನಿಂದ ಹಿಂದಿನ ಕೋಣೆಯ ಕಂಪ್ಯೂಟರ್‌ವರೆಗೆ

ಮೈಸೂರಿನ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೇ ಮದ್ರಾಸ್ ತಾರಸಿ ಮನೆಗಳ ಗೋಡೆ ಒಂದೂವರೆ ಅಡಿ ದಪ್ಪ ಇರುವುದುಂಟು. ಬೇಸಿಗೆಯಲ್ಲಿ ತಂಪು, ಆದರೆ ವೈಫೈ ದಾಟುವುದಿಲ್ಲ. ಇಂಥ ಮನೆಯಲ್ಲಿ 4ಜಿ ಸಿಗ್ನಲ್ ಚೆನ್ನಾಗಿ ಸಿಗುವುದು ಬೀದಿ ಬದಿಯ ಕಿಟಕಿಯ ಹತ್ತಿರ. ಅಲ್ಲಿಟ್ಟ ಫೋನ್‌ನ ಹಾಟ್‌ಸ್ಪಾಟ್ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಹಾಗಾಗಿ ನಾನು ವೈಫೈ ಗೊಡವೆಗೇ ಹೋಗಲಿಲ್ಲ. ಫೋನ್ ಕಿಟಕಿಯಲ್ಲಿ, ಅಲ್ಲಿಂದ ಯುಎಸ್‌ಬಿ ಕೇಬಲ್ ಮುಂದಿನ ಕೋಣೆಯ ಲ್ಯಾಪ್‌ಟಾಪ್‌ಗೆ, ಲ್ಯಾಪ್‌ಟಾಪ್‌ನಿಂದ 18 ಮೀಟರ್ ಲ್ಯಾನ್ ಕೇಬಲ್ ಹಿಂದಿನ ಕೋಣೆಯ ಡೆಸ್ಕ್‌ಟಾಪ್‌ಗೆ.

ಮನೆಗೆ ಫೈಬರ್ ಬಂದಿದ್ದರೆ ಇದಾವುದೂ ಬೇಡ. ಫೈಬರ್ ಪೆಟ್ಟಿಗೆಯಲ್ಲಿ ಖಾಲಿ ಲ್ಯಾನ್ ಪೋರ್ಟ್ ಇದ್ದರೆ ಎರಡನೇ ಕಂಪ್ಯೂಟರ್‌ಗೆ ಅಲ್ಲಿಂದಲೇ ಕೇಬಲ್ ಎಳೆದುಬಿಡಿ. ಒಂದು ಕಂಪ್ಯೂಟರ್ ಮೂಲಕ ಇನ್ನೊಂದಕ್ಕೆ ಹಂಚುವುದು ಇಂಟರ್‌ನೆಟ್ ಒಂದೇ ಯಂತ್ರಕ್ಕೆ ಬಂದು ನಿಲ್ಲುವ ಮನೆಗೆ ಮಾತ್ರ ಸರಿ.

ಹಂಚುವ ಯಂತ್ರವಾಗಿ ಲ್ಯಾಪ್‌ಟಾಪನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಕರೆಂಟು. ಕರೆಂಟ್ ಹೋದರೂ ಲ್ಯಾಪ್‌ಟಾಪ್, ಫೋನ್ ಎರಡೂ ಬ್ಯಾಟರಿಯಲ್ಲಿ ನಡೆಯುತ್ತವೆ. ಯುಪಿಎಸ್ ಇರುವ ಡೆಸ್ಕ್‌ಟಾಪ್‌ಗೆ ನೆಟ್ ನಿಲ್ಲುವುದಿಲ್ಲ. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ, ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಬೇಕು. 100 ಎಂಬಿಪಿಎಸ್‌ನದೇ ಸಾಕು. ನನ್ನ ಕಿಟಕಿಯ 4ಜಿ ಅಷ್ಟು ವೇಗ ಮುಟ್ಟುವುದೇ ಇಲ್ಲ.

ಕೇಬಲ್ ಕೊಳ್ಳುವಾಗ ಸ್ವಲ್ಪ ಜಗ್ಗಾಡಿದರೂ ತಪ್ಪಿಲ್ಲ. ಶಿವರಾಂಪೇಟೆಯ ಅಂಗಡಿಗಳಲ್ಲಿ ಲ್ಯಾನ್ ಕೇಬಲ್‌ನ ದರ್ಜೆಗಳಾದ ಕ್ಯಾಟ್ 5ಇ, ಕ್ಯಾಟ್ 6 ಎರಡೂ ಮೀಟರ್ ಲೆಕ್ಕದಲ್ಲಿ ಸಿಗುತ್ತವೆ. ಕೇಳಬೇಕಾದ್ದು ಒಂದೇ: ಒಳಗಿರುವುದು ಪೂರ್ತಿ ತಾಮ್ರವೋ, ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ಮೋ? ಎರಡನೆಯದು ಅಗ್ಗ, ಆದರೆ ಎರಡು ಮೂರು ಸಲ ಬಗ್ಗಿಸಿದರೆ ಪ್ಲಗ್‌ನ ಹತ್ತಿರವೇ ಮುರಿಯುತ್ತದೆ. ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. 18 ಮೀಟರ್ ಬೇಕಿದ್ದರೆ 20 ತನ್ನಿ. ಕೇಬಲ್‌ನ ತುದಿಗೆ ಹಾಕುವ ಆರ್‌ಜೆ 45 ಪ್ಲಗ್ ಎರಡು ಸಾಕಾದರೂ ನಾಲ್ಕೈದು ತನ್ನಿ, ಮೊದಲ ಸಲ ಒಂದೆರಡು ಕೆಟ್ಟೇ ಕೆಡುತ್ತವೆ.

ಎರಡೂ ತುದಿಗೆ ಬಣ್ಣದ ಕ್ರಮ ಒಂದೇ. ಪ್ಲಗ್‌ನ ಕೊಕ್ಕೆ ಕೆಳಗಿರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಡವುವುದು ಮಧ್ಯದಲ್ಲಿ. ಹಸಿರು ಜೋಡಿ 3 ಮತ್ತು 6ಕ್ಕೆ ಒಡೆದು ಹೋಗಿ ನೀಲಿ ಜೋಡಿ ನಡುವೆ ಕೂರುತ್ತದೆ. ಜೋಡಿಗಳನ್ನು ಸಾಲಾಗಿ ಕೂರಿಸಿದರೆ ಲ್ಯಾನ್ ಕೇಬಲ್ ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿದರೂ ಕೇಬಲ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೆಣೆದಿರುವ ಜೋಡಿಯನ್ನು ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ಹೊರಗಿನ ಸಿಪ್ಪೆ ಪ್ಲಗ್‌ನ ಒಳಕ್ಕೆ ಬಂದು ಕ್ರಿಂಪಿಂಗ್‌ನಲ್ಲಿ (ಇಕ್ಕಳದಿಂದ ಪ್ಲಗ್ ಒತ್ತಿ ಕೂರಿಸುವಾಗ) ಸಿಕ್ಕಿಕೊಳ್ಳಬೇಕು, ಇಲ್ಲದಿದ್ದರೆ ಎಳೆತವೆಲ್ಲ ಆ ಸಣ್ಣ ತಂತಿಗಳ ಮೇಲೆ ಬೀಳುತ್ತದೆ. ಎರಡು ಕಂಪ್ಯೂಟರ್ ನೇರ ಜೋಡಿಸಲು ಕ್ರಾಸ್ ಕೇಬಲ್ (ಎರಡು ತುದಿಗೆ ಬಣ್ಣದ ಕ್ರಮ ಬೇರೆ ಇರುವುದು) ಬೇಕೆಂದು ಈಗಲೂ ಹೇಳುವವರಿದ್ದಾರೆ. ಗಿಗಾಬಿಟ್ ಪೋರ್ಟ್‌ಗಳು ಅದನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಎರಡೂ ಕಡೆ ಹಳೆಯ 100 ಎಂಬಿಪಿಎಸ್ ಪೋರ್ಟ್ ಇದ್ದು ದೀಪವೇ ಹತ್ತದಿದ್ದರೆ ಮಾತ್ರ ಒಂದು ತುದಿಯಲ್ಲಿ ಕಿತ್ತಳೆ, ಹಸಿರು ಜೋಡಿಗಳನ್ನು ಅದಲು ಬದಲು ಮಾಡಿ.

ಕರೆಂಟ್ ವೈರ್ ಹೋಗಿರುವ ಪೈಪ್‌ನೊಳಗೆ ಇದನ್ನು ತೂರಿಸಬೇಡಿ, 230 ವೋಲ್ಟ್‌ನ ಜೊತೆ ಸಂಸಾರ ಬೇಡ. ದಪ್ಪ ಗೋಡೆಗೆ ತೂತು ಕೊರೆಯುವ ಬದಲು ಬಾಗಿಲ ಚೌಕಟ್ಟಿನ ಮೇಲ್ಮೂಲೆಯಿಂದ ಒಯ್ಯಬಹುದು, ಬಾಗಿಲು ಮುಚ್ಚುವಾಗ ಜಜ್ಜಿಹೋಗದಂತೆ ನೋಡಿಕೊಂಡರಾಯಿತು. ಹೊರಗಿನಿಂದ, ಕಾಂಪೌಂಡ್ ಬದಿಯಿಂದ ಎಳೆಯುವುದು ಸುಲಭ ಅನ್ನಿಸುತ್ತದೆ, ನಾನಂತೂ ಎಳೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಹೊರಗಿನ ತಾಮ್ರದ ತಂತಿಯಲ್ಲಿ ಎರಡೂ ತುದಿಯ ಪೋರ್ಟ್ ಸುಡುವಷ್ಟು ವೋಲ್ಟೇಜ್ ಹುಟ್ಟಬಹುದು.

ಇನ್ನು ವಿಂಡೋಸ್ ಕೆಲಸ. ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಫೋನ್‌ನ ನೆಟ್ ಕೊಡುವ ಆಯ್ಕೆ) ಆನ್ ಮಾಡಿ. ಆ ಆಯ್ಕೆ ಮಂಕಾಗಿ ಕಂಡರೆ ಕೇಬಲ್ ಚಾರ್ಜಿಂಗ್‌ಗೆ ಮಾತ್ರದ್ದಿರಬೇಕು, ಡೇಟಾ ಕೇಬಲ್ ಹಾಕಿ. ಲ್ಯಾಪ್‌ಟಾಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದರೆ ಎರಡು ಎತರ್‌ನೆಟ್ (ವೈರ್ ಸಂಪರ್ಕ) ಕಾಣುತ್ತವೆ. ರಿಮೋಟ್ ಎನ್‌ಡಿಐಎಸ್ ಎಂದಿರುವುದು ಫೋನ್. ಮೊದಲು ಎರಡಕ್ಕೂ ಹೆಸರು ಬದಲಿಸಿ, ಒಂದು "ಫೋನ್", ಇನ್ನೊಂದು "ಮನೆ". ಮುಂದಿನ ಅರ್ಧ ಗೊಂದಲ ಇಲ್ಲೇ ತಪ್ಪುತ್ತದೆ. "ಫೋನ್" ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್. ಮೊದಲ ಚೌಕಕ್ಕೆ ಟಿಕ್ ಹಾಕಿ, ಕೆಳಗಿನ ಪಟ್ಟಿಯಲ್ಲಿ "ಮನೆ" ಆರಿಸಿ. ಎರಡನೇ ಟಿಕ್ ತೆಗೆಯಿರಿ. ಹಂಚಿಕೆ ಆನ್ ಮಾಡಬೇಕಾದ್ದು ಇಂಟರ್‌ನೆಟ್ ಬರುವ ಕಡೆ. "ಮನೆ" ಕಡೆ ಆನ್ ಮಾಡಿ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವವರೇ ಹೆಚ್ಚು.

ಇಷ್ಟಾದರೆ "ಮನೆ"ಗೆ 192.168.137.1 ಎಂಬ ವಿಳಾಸ ತಾನಾಗಿ ಬರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಐಪಿ (ಯಂತ್ರದ ವಿಳಾಸ), ಡಿಎನ್‌ಎಸ್ (ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕುವ ಸೇವೆ) ಎರಡನ್ನೂ ಆಟೋಮ್ಯಾಟಿಕ್‌ಗೆ ಬಿಡಿ, ಹಳೆಯ ನೆಟ್‌ವರ್ಕ್‌ನ ವಿಳಾಸ ಕೈಯಾರೆ ತುಂಬಿದ್ದರೆ ತೆಗೆದುಹಾಕಿ. ಅದಕ್ಕೆ 192.168.137ರಿಂದ ಶುರುವಾಗುವ ವಿಳಾಸ ಸಿಗಬೇಕು.

ಸಿಕ್ಕದೆ 169.254 ಎಂದು ಶುರುವಾಗುವ ವಿಳಾಸ ಬಂದರೆ ವಿಳಾಸ ಕೊಡುವವರು ಯಾರೂ ಇಲ್ಲವೆಂದು ಅರ್ಥ: ಕೇಬಲ್ ದೋಷ, ಇಲ್ಲವೆ ಹಂಚಿಕೆ ಸೇವೆ ನಿಂತಿದೆ. ವಿಳಾಸ ಸರಿಯಾಗಿದ್ದೂ ನೆಟ್ ಇಲ್ಲವೆಂದರೆ ಡೆಸ್ಕ್‌ಟಾಪ್‌ನಿಂದ ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ping 8.8.8.8 ಎಂದು ಹೊಡೆದು ಉತ್ತರ ಬರುತ್ತದೋ ನೋಡಿ. ಉತ್ತರ ಬಂದರೂ ಸೈಟ್ ತೆರೆಯದಿದ್ದರೆ ಹೆಸರು ಹುಡುಕುವ ಕಡೆ ತೊಂದರೆ. ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಕೈಯಾರೆ ಬರೆಯಿರಿ. ಲ್ಯಾಪ್‌ಟಾಪ್‌ನ 192.168.137.1ಕ್ಕೆ ಪಿಂಗ್ ಮಾಡಿ ಉತ್ತರ ಬರದಿದ್ದರೆ ಗಾಬರಿ ಬೇಡ. ಪಬ್ಲಿಕ್ ಎಂದು ಗುರುತಾದ ನೆಟ್‌ವರ್ಕ್‌ನಲ್ಲಿ ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆಯುತ್ತದೆ, ನೆಟ್ ಮಾತ್ರ ಸರಾಗವಾಗಿ ಹೋಗುತ್ತಿರುತ್ತದೆ. ಹಂಚುವ ಲ್ಯಾಪ್‌ಟಾಪ್ ಆಫೀಸಿನದಾದರೆ ಶೇರಿಂಗ್ ಆಯ್ಕೆಯನ್ನೇ ಅವರು ಮುಚ್ಚಿರಬಹುದು, ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸಂಪರ್ಕ) ಆನ್ ಆದೊಡನೆ ಹಿಂದಿನ ಕೋಣೆಗೆ ನೆಟ್ ನಿಲ್ಲಲೂಬಹುದು. ಅದಕ್ಕೆ ಜಗಳವಾಡಿ ಫಲವಿಲ್ಲ, ಬೇರೆ ಯಂತ್ರ ಬಳಸಿ.

ನಿಜವಾಗಿ ಕಾಡುವ ತೊಂದರೆ ಬೇರೆ ಇದೆ. ಇವತ್ತು ನಡೆದದ್ದು ನಾಳೆ ಬೆಳಿಗ್ಗೆ ನಡೆಯುವುದಿಲ್ಲ, ಶೇರಿಂಗ್ ಟಿಕ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ. ವಿಂಡೋಸ್ 10ರಲ್ಲಿ 4 ನಿಮಿಷ ಯಾರೂ ಬಳಸದಿದ್ದರೆ ಹಂಚಿಕೆ ಸೇವೆ ತಾನೇ ನಿಲ್ಲುತ್ತದೆ, ಮತ್ತೆ ತಾನಾಗಿ ಏಳುವುದಿಲ್ಲ. ಪರಿಹಾರ ಎರಡು ಹೆಜ್ಜೆ. ಸರ್ವಿಸಸ್‌ನಲ್ಲಿ ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್ ಅನ್ನು ಆಟೋಮ್ಯಾಟಿಕ್ ಮಾಡಿ. ಆಮೇಲೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ, regedit ಎಂದು ತೆರೆಯಬಹುದು) ಲೋಕಲ್ ಮಷೀನ್ ವಿಭಾಗದಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಶನ್, ಶೇರ್ಡ್‌ಆ್ಯಕ್ಸೆಸ್ ಎಂಬ ದಾರಿ ಹಿಡಿದು ಎನೇಬಲ್‌ರೀಬೂಟ್‌ಪರ್ಸಿಸ್ಟ್‌ಕನೆಕ್ಷನ್ (EnableRebootPersistConnection) ಹೆಸರಿನ, 32 ಬಿಟ್‌ನ ಡಿವರ್ಡ್ (DWORD) ಸೇರಿಸಿ ಅದರ ವ್ಯಾಲ್ಯೂ 1 ಎಂದು ಕೊಡಿ. ಹೆಸರಿನ ಪದಗಳ ನಡುವೆ ಜಾಗ ಬಿಡಬಾರದು. ಜೊತೆಗೆ ಪವರ್ ಆಯ್ಕೆಯಲ್ಲಿ ಸ್ಲೀಪ್ ತೆಗೆದು, ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂದು ಹೇಳಿ. ಫೋನ್ ಕಿತ್ತು ಹಾಕಿದರೆ ಟೆದರಿಂಗ್ ಆಫ್ ಆಗುತ್ತದೆ. ಆಂಡ್ರಾಯ್ಡ್‌ ಸೆಟ್ಟಿಂಗ್ಸ್‌ನಲ್ಲಿ ಮಾಮೂಲಿಗೆ ಮರೆಯಾಗಿರುವ ಡೆವಲಪರ್ ಆಯ್ಕೆಗಳಲ್ಲಿ ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ ಅನ್ನು ಟೆದರಿಂಗ್‌ಗೆ ಇಟ್ಟರೆ ಆ ಕಾಟವೂ ತಪ್ಪುತ್ತದೆ. ಬೇರೆ ಫೋನ್ ಹಾಕಿದರೆ ಅದು ಹೊಸ ಅಡಾಪ್ಟರ್, ಅದಕ್ಕೆ ಶೇರಿಂಗ್ ಮತ್ತೆ ಕೊಡಲೇಬೇಕು. ಫೋನ್‌ಗೆ ಸಂಜೆ ಬಿಸಿಲು ನೇರ ಬೀಳದಂತೆ ಇಡಿ, ಕಾದ ಫೋನ್ ಮೊದಲು ಚಾರ್ಜಿಂಗ್ ನಿಲ್ಲಿಸುತ್ತದೆ, ಆಮೇಲೆ ನೆಟ್ಟೂ ಮಂದವಾಗುತ್ತದೆ.

ಲಿನಕ್ಸ್‌ನವರಿಗೆ ಇಷ್ಟು ಕಷ್ಟವಿಲ್ಲ. ಲ್ಯಾನ್ ಸಂಪರ್ಕದ ಐಪಿವಿ4 ಪುಟದಲ್ಲಿ ಬೇರೆ ಕಂಪ್ಯೂಟರ್‌ಗಳೊಂದಿಗೆ ಹಂಚು ಎಂಬುದನ್ನು ಆರಿಸಿದರೆ ಮುಗಿಯಿತು, ವಿಳಾಸಗಳು 10.42.0ರಿಂದ ಶುರುವಾಗುತ್ತವೆ. ಇಲ್ಲಿ ಮಾತ್ರ ಕ್ರಮ ತಲೆಕೆಳಗು: ಹಂಚಿಕೆ ಆನ್ ಮಾಡುವುದು "ಮನೆ" ಕಡೆಯದರಲ್ಲಿ.

ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಹಾಕಿಸಿಕೊಂಡವರು ಇದೊಂದನ್ನು ಮೊದಲ ದಿನವೇ ಮಾಡಿ. ಲ್ಯಾಪ್‌ಟಾಪ್‌ಗೂ ಡೆಸ್ಕ್‌ಟಾಪ್‌ಗೂ ಈ ಸಂಪರ್ಕ ವೈರ್‌ನದಾಗಿ ಕಾಣುವುದರಿಂದ ವಿಂಡೋಸ್ ಅದನ್ನು ಮಿತಿಯಿಲ್ಲದ ನೆಟ್ ಎಂದುಕೊಂಡು ಅಪ್‌ಡೇಟ್ ಇಳಿಸಲು ಕೂರುತ್ತದೆ. ಸೆಟ್ಟಿಂಗ್ಸ್‌ನ ಎತರ್‌ನೆಟ್ ಪುಟದಲ್ಲಿ ಮೀಟರ್ಡ್ ಕನೆಕ್ಷನ್ (ಡೇಟಾಗೆ ಮಿತಿಯಿದೆ ಎಂದು ತಿಳಿಸುವ ಆಯ್ಕೆ) ಆನ್ ಮಾಡಿ. ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ, ಎರಡರಲ್ಲೂ ಬೇರೆ ಬೇರೆಯಾಗಿ ಮಾಡಬೇಕು.