ಮಗುಚಿ ಹಾಕಿದ ಟ್ರಾನ್ಸಿಸ್ಟರ್

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಮೋಟರ್ ತಾನಾಗೇ ಆನ್, ಆಫ್ ಆಗಲಿ ಅಂತ ಒಂದು ಚಿಕ್ಕ ಬೋರ್ಡ್ ಮಾಡಿದ್ದೆ. ಬೋರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಕೀಕ್ಯಾಡ್‌ನಲ್ಲಿ ನಾನೇ ಡಿಸೈನ್ ಮಾಡಿ ಐದು ಬೋರ್ಡ್ ತರಿಸಿಕೊಂಡೆ. ಒಂದು ಭಾನುವಾರ ಕೂತು ಮೊದಲನೆಯದಕ್ಕೆ ಬಿಡಿಭಾಗ ಎಲ್ಲ ಸೋಲ್ಡರ್ ಮಾಡಿ ಪವರ್ ಕೊಟ್ಟೆ. ಎಲ್‌ಇಡಿ ಮಿನುಗಿತು. ಮೋಟರ್ ಆನ್, ಆಫ್ ಮಾಡುವ ಸ್ವಿಚ್, ಅಂದರೆ ರಿಲೇ ಮಾತ್ರ ಟಕ್ ಅನ್ನಲಿಲ್ಲ.

ಪ್ರೋಗ್ರಾಂ ತಪ್ಪಿರಬೇಕು ಅಂತ ಒಂದು ಗಂಟೆ ಅದರಲ್ಲೇ ಕಳೆದೆ. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು, ರಿಲೇ ಓಡಿಸುವ ಟ್ರಾನ್ಸಿಸ್ಟರಿನ ಬೇಸ್, ಅಂದರೆ ಅದನ್ನು ಆನ್ ಮಾಡುವ ಕಾಲು, ನೇರವಾಗಿ ಗ್ರೌಂಡಿಗೆ ಹೋಗಿದೆ! ನನ್ನ ತಲೆಯಲ್ಲಿ ಇದ್ದದ್ದು ಹಳೇ 2ಎನ್3904 ಟ್ರಾನ್ಸಿಸ್ಟರ್. ಮೂರು ಉದ್ದ ಕಾಲಿನ ಟಿಒ-92 ಪ್ಯಾಕೇಜಿನಲ್ಲಿ (ಹೊರಕವಚದಲ್ಲಿ) ಅದರ ಕಾಲುಗಳ ಕ್ರಮ ಎಮಿಟರ್, ಬೇಸ್, ಕಲೆಕ್ಟರ್. ಅದೇ ಟ್ರಾನ್ಸಿಸ್ಟರ್ ಪುಟ್ಟ ಸಾಟ್-23 ಪ್ಯಾಕೇಜಿನಲ್ಲಿ ಎಂಎಂಬಿಟಿ3904 ಆಗಿ ಬಂದಾಗ ಕ್ರಮ ಬೇಸ್, ಎಮಿಟರ್, ಕಲೆಕ್ಟರ್. ನಾನು ಸರ್ಕ್ಯೂಟ್ ಚಿತ್ರದಲ್ಲಿನ ಹಳೇ ಕ್ರಮದ ಸಿಂಬಲ್‌ಗೆ, ಬೋರ್ಡಿನ ಮೇಲೆ ಕಾಲು ಕೂರುವ ಜಾಗದ ನಕ್ಷೆ, ಅಂದರೆ ಫುಟ್‌ಪ್ರಿಂಟ್, ಹೊಸದನ್ನು ಅಂಟಿಸಿದ್ದೆ. ಒಂದು, ಎರಡನೇ ಕಾಲು ಅದಲು ಬದಲು. ಬೋರ್ಡಿಗೆ ಎರಡರಂತೆ ಐದು ಬೋರ್ಡಿಗೆ ಹತ್ತು ಟ್ರಾನ್ಸಿಸ್ಟರ್, ಹತ್ತೂ ತಪ್ಪು.

ತಿರುಗಿಸಿ ಕೂರಿಸಿದರೆ ಸರಿಹೋಗಲ್ಲ. ಸಾಟ್-23ಕ್ಕೆ ಒಂದು ಪಕ್ಕ ಎರಡು ಕಾಲು, ಇನ್ನೊಂದು ಪಕ್ಕ ಒಂದೇ ಕಾಲು. ಅರ್ಧ ಸುತ್ತು ತಿರುಗಿಸಿದರೆ ಒಂಟಿ ಕಾಲು ಜೋಡಿ ಪ್ಯಾಡ್‌ಗಳ (ಕಾಲು ಸೋಲ್ಡರ್ ಆಗುವ ಲೋಹದ ಜಾಗಗಳ) ನಡುವೆ ಬಂದು ಕೂರುತ್ತದೆ, ಅಷ್ಟೇ. ಆದರೆ ಮಗುಚಿದರೆ? ಎಡಗಾಲಿನ ಚಪ್ಪಲಿಯನ್ನು ಮಗುಚಿ ಇಡಿ, ಅದರ ಆಕಾರ ಬಲಗಾಲಿನ ಚಪ್ಪಲಿಯದಾಗುತ್ತದೆ. ಇಲ್ಲೂ ಹಾಗೇ. ಕಲೆಕ್ಟರ್ ಇದ್ದಲ್ಲೇ ಇರುತ್ತದೆ, ಬೇಸ್ ಮತ್ತು ಎಮಿಟರ್ ಜಾಗ ಬದಲಾಯಿಸುತ್ತವೆ. ಮನೆ ಬಾಗಿಲಲ್ಲಿ ಚಪ್ಪಲಿ ಮಗುಚಿ ಬಿದ್ದರೆ ಜಗಳ ಆಗುತ್ತೆ ಅಂತ ಅಮ್ಮ ಬೈಯ್ಯುತ್ತಿದ್ದರು. ನನ್ನ ಜಗಳ ಬಗೆಹರಿದದ್ದೇ ಮಗುಚಿದ್ದರಿಂದ.

ತೊಂದರೆ ಒಂದೇ. ಮಗುಚಿದಾಗ ಪಾದಗಳು ಆಕಾಶ ನೋಡುತ್ತವೆ. ಮೊದಲನೆಯದನ್ನು ಹಾಗೇ ಇಟ್ಟು ಸೋಲ್ಡರ್ ಸುರಿದೆ. ಹಿಡಿಯಿತು, ಆದರೆ ನೋಡೋಕೆ ಮೂರು ಸೋಲ್ಡರ್ ಉಂಡೆ. ಎರಡನೆಯದರಿಂದ ಬೇರೆ ದಾರಿ ಹಿಡಿದೆ. ಟ್ವೀಜರ್‌ನಿಂದ ಪ್ರತಿ ಕಾಲನ್ನೂ ಒಂದೇ ಸಲ, ನಿಧಾನವಾಗಿ ನೇರ ಮಾಡಿದೆ. ಈ ಪ್ಯಾಕೇಜಿನ ಒಟ್ಟು ಎತ್ತರವೇ ಸುಮಾರು 1 ಮಿ.ಮೀ. ಕಾಲು ನೇರವಾದರೆ ಬೋರ್ಡಿಗೂ ಅದಕ್ಕೂ ಅರ್ಧ ಮಿ.ಮೀ. ಸಂದು ಉಳಿಯುತ್ತದೆ, ಅಷ್ಟನ್ನು ಸೋಲ್ಡರ್ ಸುಲಭವಾಗಿ ತುಂಬುತ್ತದೆ. ಒಂದು ಪ್ಯಾಡಿಗೆ ಮೊದಲೇ ಸ್ವಲ್ಪ ಸೋಲ್ಡರ್ ಹಚ್ಚಿ, ಸೋಲ್ಡರ್ ಚೆನ್ನಾಗಿ ಹಿಡಿಯಲಿ ಅಂತ ಫ್ಲಕ್ಸ್ ಹಾಕಿ, ಒಂಟಿ ಕಾಲನ್ನು ಹಿಡಿಸಿ, ಆಮೇಲೆ ಉಳಿದೆರಡು. ಕಾಲನ್ನು ಆ ಕಡೆ ಈ ಕಡೆ ಬಗ್ಗಿಸಿ ನೋಡೋ ಚಪಲ ಬೇಡ. ಎರಡನೇ ಸಲಕ್ಕೆ ಬುಡದಲ್ಲೇ ಮುರಿಯುತ್ತದೆ. ನನಗೆ ಎರಡು ಹಾಗೆ ಹೋದವು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಪಟ್ಟಿಯಲ್ಲಿ ಬೇಕಾದಷ್ಟು ಇದ್ದವು, ಬಚಾವಾದೆ.

ಪವರ್ ಕೊಟ್ಟೆ. ಟಕ್. ಆ ಸದ್ದು ಕೇಳಿ ಆದ ಖುಷಿ ಹೇಳೋಕಾಗಲ್ಲ.

ಅದೇ ರಾತ್ರಿ ಇನ್ನೊಂದು ತಪ್ಪು ಸಿಕ್ಕಿತು. 12 ವೋಲ್ಟ್ ಅಳೆಯಲು 10ಕೆ, 10ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್ ಹಾಕಿ ಅರ್ಧ ಮಾಡಿದ್ದೆ. ಅರ್ಧ ಅಂದರೆ 6 ವೋಲ್ಟ್, ಅಳೆಯುವ ಚಿಪ್ಪಿನ ಪಿನ್ ತಡೆಯೋದು 5. ಮೇಲಿನದು 20ಕೆ ಆದರೆ 4 ವೋಲ್ಟ್ ಬರುತ್ತದೆ. 22ಕೆ ಒಂದು ಕೈಗೆ ಸಿಕ್ಕಿದ್ದರೂ ಈ ಸರ್ಕಸ್ ಬೇಕಿರಲಿಲ್ಲ. ಇದ್ದದ್ದು ಬರೀ 10ಕೆ, ಅಂಗಡಿ ಮುಚ್ಚಿತ್ತು. ಹಾಗಾಗಿ ಒಂದರ ಜಾಗದಲ್ಲಿ ಎರಡನ್ನು ನಿಲ್ಲಿಸಿದೆ. ಒಂದೊಂದು ಪ್ಯಾಡಿನ ಮೇಲೆ ಒಂದೊಂದು, ತಲೆಗಳು ಒಂದಕ್ಕೊಂದು ಒರಗಿ, ಹಂಚಿನ ಮಾಡಿನ ಹಾಗೆ. 0805 ಅನ್ನೋ ಅಳತೆಯ ರೆಸಿಸ್ಟರಿನ ಉದ್ದ 2 ಮಿ.ಮೀ., ಎರಡು ಪ್ಯಾಡ್‌ಗಳ ಅಂತರವೂ ಹೆಚ್ಚು ಕಡಿಮೆ ಅಷ್ಟೇ. ತುದಿ ಎರಡನ್ನೂ ಒಂದು ಚುಕ್ಕೆ ಸೋಲ್ಡರ್‌ನಲ್ಲಿ ಕೂಡಿಸಿದರೆ ಮುಗಿಯಿತು.

ತಮಾಷೆ ಅಂದರೆ, ಬಿಡಿಭಾಗ ಹೀಗೆ ಎದ್ದು ನಿಂತರೆ ಕಾರ್ಖಾನೆಯವರು ತಲೆ ಚಚ್ಚಿಕೊಳ್ಳುತ್ತಾರೆ. ಒಂದು ತುದಿಯ ಸೋಲ್ಡರ್ ಮೊದಲು ಕರಗಿ, ಅದರ ಸೆಳೆತಕ್ಕೆ ಇನ್ನೊಂದು ತುದಿ ಮೇಲೆದ್ದುಬಿಡುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಟೂಂಬ್‌ಸ್ಟೋನ್, ಗೋರಿಕಲ್ಲು. ನಾನು ಬೇಕಂತಲೇ ನಿಲ್ಲಿಸಿದೆ.

ನಿಲ್ಲಿಸಿದ್ದಕ್ಕೆ ದಂಡವನ್ನೂ ಕಟ್ಟಿದೆ. ಒಂದು ಬೋರ್ಡನ್ನು ಡಬ್ಬಿಯೊಳಗೆ ತುರುಕುವಾಗ ವೈರ್ ತಗುಲಿ ಮಾಡು ಕುಸಿಯಿತು, ಪ್ಯಾಡ್ ಕೂಡ ಕಿತ್ತು ಬಂತು. ಮಲಗಿದ ರೆಸಿಸ್ಟರಿಗೆ ಇಲ್ಲದ ಕಷ್ಟ ಇದು. ನಿಂತದ್ದು ಸನ್ನೆಗೋಲಿನ ಹಾಗೆ, ತುದಿಗೆ ಸ್ವಲ್ಪ ತಾಗಿದರೂ ಬುಡಕ್ಕೆ ಜಾಸ್ತಿ ಬಲ ಬೀಳುತ್ತದೆ. ಆಮೇಲೆ ಉಳಿದ ನಾಲ್ಕಕ್ಕೂ ಅರಾಲ್ಡೈಟ್ ಹಚ್ಚಿದೆ. ಮೊದಲು ಮೀಟರ್‌ನಲ್ಲಿ ಅಳೆದು, ಆಮೇಲೆ ಅಂಟು. ಉಲ್ಟಾ ಮಾಡಿದರೆ ಅಳಬೇಕಾಗುತ್ತದೆ.

ಎಂಟು ಕಾಲಿನ ಐಸಿಯನ್ನೂ ಹಿಂದೊಮ್ಮೆ ಹೀಗೆ ಮಗುಚಿದ್ದೆ. ಅದರ ಕಾಲು ಬಗ್ಗಿಸೋಕೆ ಹೋಗಲಿಲ್ಲ. ಸತ್ತ ಜಿರಳೆ ಹಾಗೆ ಅಂಗಾತ ಮಲಗಿಸಿ, ಬೆನ್ನಿಗೆ ಅಂಟು ಹಾಕಿ, ಮೋಟರ್ ವೈಂಡಿಂಗ್‌ನ ತೆಳು ತಂತಿಯಿಂದ ಒಂದೊಂದೇ ಕಾಲನ್ನು ಪ್ಯಾಡಿಗೆ ಎಳೆದೆ. ಕೆಲಸ ಮಾಡಿತು. ಹೊಟ್ಟೆಯಲ್ಲಿ ಶಾಖ ಇಳಿಸೋ ಪ್ಯಾಡ್ ಇರುವ ಐಸಿಗೆ ಮಾತ್ರ ಇದು ಆಗಲ್ಲ. ಶಾಖ ಹೋಗೋಕೆ ದಾರಿಯೇ ಇರಲ್ಲ.

ಮಗುಚಿದ ಟ್ರಾನ್ಸಿಸ್ಟರಿನ ಮೇಲಿನ ಅಕ್ಷರ ಬೋರ್ಡಿಗೆ ಮುಖ ಮಾಡಿರುತ್ತದೆ. ನಾಳೆ ರಿಪೇರಿಗೆ ಬಂದವರಿಗೆ ಅದು ಏನು ಅಂತಲೇ ಗೊತ್ತಾಗಲ್ಲ. ಅದಕ್ಕೆ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೇನೆ: "ಎರಡೂ 3904. ಬೇಕಂತಲೇ ಮಗುಚಿದೆ. ಸರಿ ಮಾಡಬೇಡಿ."